ಕ್ಯಾಂಪಿನವರು ಯಾವೂರವರು ಸ್ವಾಮಿ?

ಬಹಳ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಕೆಲಸ, ಊರು, ಮತ್ತೆ ಕೆಲಸ... ಸೋಮಾರಿತನ ಅಂದರೂ ತಪ್ಪಿಲ್ಲ. ಆದರೆ ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ ಕೇಳಿದ ಒಂದು ಮಾತು ತಲೆಯಿಂದ ಇಳಿಯುತ್ತಲೇ ಇಲ್ಲ. ಬರೆದು ಹಗುರಾಗೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಹೊಸದಾಗಿ ಸೇರಿದ ಹುಡುಗ, ಮೈಸೂರು ಕಡೆಯವನು, ಒಳ್ಳೆಯವನೇ. "ನಿಮ್ಮದು ಯಾವೂರು ಸಾರ್?" ಅಂದ. "ಕೊಪ್ಪಳ ಜಿಲ್ಲೆ, ಕಾರಟಗಿ ಹತ್ರ" ಅಂದೆ. "ಓ, ಗಂಗಾವತಿ ಸೈಡಾ? ಅಲ್ಲೆಲ್ಲ ತೆಲುಗಿನವರೇ ಅಲ್ವಾ ಸಾರ್? ಅದು ಹೆಚ್ಚುಕಮ್ಮಿ ಆಂಧ್ರಾನೇ ಬಿಡಿ" ಅಂದು ಚಹಾ ಹೀರಿದ. ಅಷ್ಟೇ. ಪಕ್ಕದಲ್ಲಿದ್ದವರು ತಲೆ ಆಡಿಸಿದರು. ಇನ್ನೊಬ್ಬರು "ಇಲ್ಲ ಇಲ್ಲ, ಅದು ಪ್ರಾಣೇಶ್ ಅವರ ಊರು" ಅಂದರು, ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಕುರ್ಚಿಗೆ ಬಂದು ಕೂತಾಗ ಹೊಟ್ಟೆಯೊಳಗೆ ಏನೋ ಉರಿಯತೊಡಗಿತು. ಉರಿ ಆ ಹುಡುಗನ ಮೇಲಲ್ಲ. ಆತ ಹೇಳಿದ ಮಾತನ್ನೇ, ಅದಕ್ಕಿಂತ ಕೆಟ್ಟದಾಗಿ, ನಾನು ಹತ್ತು ವರ್ಷದವನಿದ್ದಾಗ ಹೇಳಿದ್ದೆ. ಅದೂ ನನ್ನ ಗೆಳೆಯನಿಗೆ.

ಮೊದಲು ಹೊರಗಿನವರ ಲೆಕ್ಕ ಚುಕ್ತಾ ಮಾಡೋಣ.

"ಹೆಚ್ಚುಕಮ್ಮಿ ಆಂಧ್ರ" ಅನ್ನುವವರೇ, ಕವಿರಾಜಮಾರ್ಗ ಅಂತ ಒಂದು ಪುಸ್ತಕದ ಹೆಸರು ಶಾಲೆಯಲ್ಲಿ ಕೇಳಿರುತ್ತೀರಿ. ಒಂಬತ್ತನೇ ಶತಮಾನದ್ದು, ನೃಪತುಂಗನ ಕಾಲದ್ದು. ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ಅದು ನಾಲ್ಕು ಊರುಗಳ ಹೆಸರು ಹೇಳುತ್ತದೆ. ಆ ನಾಲ್ಕರಲ್ಲಿ ಒಂದು ಕೊಪಣ. ಅಂದರೆ ನಮ್ಮ ಕೊಪ್ಪಳ. ಮೈಸೂರೂ ಇಲ್ಲ, ಬೆಂಗಳೂರೂ ಇಲ್ಲ, ಗಮನಿಸಿ :-) ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ 1993ರಲ್ಲಿ ಕೊಪ್ಪಳದಲ್ಲಿ ಆಯಿತು, 2011ರ ಡಿಸೆಂಬರಿನಲ್ಲಿ 78ನೆಯದು ಗಂಗಾವತಿಯಲ್ಲೇ ಆಯಿತು, ಸಿ.ಪಿ.ಕೆ. ಅಧ್ಯಕ್ಷರಾಗಿದ್ದರು. ಆ ಮೂರು ದಿನ ಊರಿಗೆ ಊರೇ ಕೆಂಪು ಹಳದಿಯಾಗಿತ್ತು.

ಆದರೆ ಇದೇ ಕೊಪ್ಪಳದ ಗವಿಮಠದ ಬೆಟ್ಟದ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿವೆ. ಅವುಗಳ ಭಾಷೆ ಕನ್ನಡವಲ್ಲ, ಪ್ರಾಕೃತ. ಮುಂದೆ ಕೊಪ್ಪಳ ಹೈದರಾಬಾದಿನ ಸಾಲಾರ್ ಜಂಗರ ಜಹಗೀರು ಆಯಿತು. 1948ರವರೆಗೆ ನಿಜಾಮರ ಆಡಳಿತ, ಕಚೇರಿಯಲ್ಲಿ ಉರ್ದು. ನಮ್ಮ ಅಜ್ಜ ಕನ್ನಡ ಬಿಟ್ಟರೆ ಉರ್ದು ಓದುತ್ತಿದ್ದ, ಇಂಗ್ಲಿಷಿನ ಒಂದಕ್ಷರ ಗೊತ್ತಿರಲಿಲ್ಲ. ತಿರುಳ್ಗನ್ನಡದ ನಾಡು ಅನ್ನಿಸಿಕೊಂಡ ಕಾಲದಲ್ಲೂ ಈ ನೆಲ ಒಂದೇ ಭಾಷೆಯದಾಗಿರಲಿಲ್ಲ. ಹತ್ತು ಕಡೆಯ ಜನ ಬಂದು ಹೋಗುವ ದಾರಿಯಲ್ಲಿದ್ದ ಊರು ಅದು. ಹಾಗಾಗಿ ನಾಲ್ಕು ತೆಲುಗು ಬೋರ್ಡು ಕಂಡ ಕೂಡಲೇ "ಇದು ಕರ್ನಾಟಕ ಅಲ್ಲ" ಅನ್ನುವುದು ಇತಿಹಾಸ ಓದದವರ ಮಾತು.

ಈಗ ಕ್ಯಾಂಪಿನ ಕಥೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ, ಗೊತ್ತಿದ್ದವರು ಒಂದು ಪ್ಯಾರಾ ಹಾರಿಸಿ.

ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು. ಈ ದಂಡೆ ನಿಜಾಮರದು, ಆ ದಂಡೆ ಮದ್ರಾಸಿನದು. 1953ರ ಹೊತ್ತಿಗೆ ನೀರು ನಿಂತಿತು. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆಗೆ 227 ಕಿಲೋಮೀಟರ್ ಹೋಗುತ್ತದೆ. ನೀರು ಬರುವ ಮುಂಚೆ ನಮ್ಮದು ಎರೆ ಹೊಲ. ಬಿಳಿಜೋಳ, ಹತ್ತಿ, ಕಡಲೆ. ನೆಲ್ಲು ಹಚ್ಚಿ ಗೊತ್ತಿದ್ದವರು ಹೊಳೆದಂಡೆಯ ಊರುಗಳವರು ಬಿಟ್ಟರೆ ಕಡಿಮೆ. ಕಾಲುವೆ ನೀರು ಹಾಯಿಸಬೇಕು ಅಂದರೆ ಹೊಲ ಮಟ್ಟ ಮಾಡಬೇಕು, ಬದು ಕಟ್ಟಬೇಕು, ಕೈಯಲ್ಲಿ ದುಡ್ಡು ಬೇಕು. ಇಲ್ಲಿಯವರ ಹತ್ತಿರ ದುಡ್ಡಿರಲಿಲ್ಲ. ಕೃಷ್ಣಾ, ಗೋದಾವರಿ ಸೀಮೆಯಲ್ಲಿ ಒಂದೆರಡು ಎಕರೆ ಮಾರಿದರೆ ಇಲ್ಲಿ ಅದರ ಹಲವು ಪಟ್ಟು ಹೊಲ ಬರುತ್ತಿತ್ತು. ಐವತ್ತು, ಅರವತ್ತರ ದಶಕದಲ್ಲಿ ಆ ಕಡೆಯ ಸಣ್ಣ ರೈತರು ಗಂಟುಮೂಟೆ ಕಟ್ಟಿಕೊಂಡು ಬಂದರು. ಹೊಲದಲ್ಲೇ ಗುಡಿಸಲು ಹಾಕಿಕೊಂಡರು. ಅದಕ್ಕೆ ಕ್ಯಾಂಪು ಅಂತ ಹೆಸರಾಯಿತು. ಗುಡಿಸಲು ಹೋಗಿ ಮಹಡಿ ಮನೆ ಬಂತು, ಶ್ರೀರಾಮನಗರದಂಥವು ದೊಡ್ಡ ಊರೇ ಆದವು, ಆದರೆ ಕ್ಯಾಂಪು ಅನ್ನುವ ಹೆಸರು ಹೋಗಲಿಲ್ಲ. ಎಪ್ಪತ್ತು ವರ್ಷವಾದರೂ ಕ್ಯಾಂಪು! ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳನ್ನು ಸರ್ಕಾರ ಸಿಂಧನೂರು ತಾಲೂಕಿನಲ್ಲಿ ನೆಲೆಸಿತಲ್ಲ, ಅವರ ಊರುಗಳೂ ಇವತ್ತಿಗೂ ಆರ್.ಎಚ್. ಕ್ಯಾಂಪುಗಳೇ. ಕ್ಯಾಂಪು ಅಂದರೆ ಏನು? ನಾಳೆ ಗೂಟ ಕಿತ್ತುಕೊಂಡು ಹೋಗುವವರ ಜಾಗ. ಹೆಸರಿನಲ್ಲೇ "ನೀವು ಯಾವಾಗ ಹೊರಡುತ್ತೀರಿ?" ಅನ್ನುವ ಪ್ರಶ್ನೆ ಇದೆ.

ಈಗ ನಮ್ಮವರ ಸರದಿ. ನಮ್ಮವರು ಅಂದರೆ ನಾನೂ ಸೇರಿ.

ನಮ್ಮ ಮನೆಯಲ್ಲಿ ಒಂದು ಕಥೆ ಇತ್ತು. ಕಾಲುವೆ ಪಕ್ಕದ ಒಂಬತ್ತು ಎಕರೆಯನ್ನು "ಆಂಧ್ರದೋರು ಅಜ್ಜಗ ಮೋಸ ಮಾಡಿ ಹೊಡಕೊಂಡ್ರು" ಅನ್ನುವ ಕಥೆ. ಅವ್ವ ಹೇಳುತ್ತಿದ್ದಳು, ಕಾಕಾ ಹೇಳುತ್ತಿದ್ದ, ಹಬ್ಬಕ್ಕೆ ಬಂದ ಬೀಗರ ಮುಂದೆಲ್ಲ ಹೇಳುತ್ತಿದ್ದರು. ಬಸ್ಸಿನಲ್ಲಿ ಹೋಗುವಾಗ ಕಾಕಾ ಆ ಹೊಲ ತೋರಿಸಿ "ನೋಡಪಾ ತಮ್ಮಾ, ಅದು ನಮ್ಮದಿತ್ತು" ಅನ್ನುತ್ತಿದ್ದ. ನಾನು ಆ ಸಿಟ್ಟು ಉಂಡೇ ಬೆಳೆದವನು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಕ್ಯಾಂಪಿನ ಹುಡುಗ. ಒಂದು ದಿನ ಗೋಲಿ ಆಟದಲ್ಲಿ ಸೋತ ಸಿಟ್ಟಿಗೆ "ಲೇ ಗೊಲ್ಟಿ, ನಿಮ್ಮೂರಿಗೆ ಹೋಗಲೇ" ಅಂದುಬಿಟ್ಟೆ. ಅವನು ಗಾಬರಿಯಾಗಿ "ಯಾವೂರಿಗೆ?" ಅಂತ ಕೇಳಿದ. ತಮಾಷೆಗೆ ಕೇಳಿದ್ದಲ್ಲ. ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ. ಹುಟ್ಟಿದ್ದು ಇಲ್ಲೇ, ಅವರಪ್ಪ ಹುಟ್ಟಿದ್ದೂ ಇಲ್ಲೇ.

ಕೆಲವು ವರ್ಷಗಳ ಹಿಂದೆ ಮನೆಯ ಹಳೇ ಟ್ರಂಕು ತೆಗೆದಾಗ ಅಜ್ಜನ ಕಾಗದ ಪತ್ರ ಸಿಕ್ಕವು. ಅದರಲ್ಲಿ ಆ ಒಂಬತ್ತು ಎಕರೆಯ ಖರೀದಿ ಪತ್ರದ ನಕಲೂ ಇತ್ತು. ಕೂತು ಓದಿದೆ. ಅಜ್ಜನ ಸಹಿ ಇದೆ, ಇಬ್ಬರು ಸಾಕ್ಷಿಗಳಿದ್ದಾರೆ, ಇಬ್ಬರೂ ನಮ್ಮೂರವರೇ. ಮಾರಿದ ಕಾರಣ "ಸಾಲ ತೀರಿಸುವ ಸಲುವಾಗಿ ಮತ್ತು ಸಂಸಾರದ ಅಡಚಣಿ ಸಲುವಾಗಿ". ದುಡ್ಡಿನ ಮುಕ್ಕಾಲು ಪಾಲು ಹೋದದ್ದು ಯಾರಿಗೆ ಅನ್ನುವುದೂ ಬರೆದಿದೆ. ಸಾಹುಕಾರನಿಗೆ. ಆ ಸಾಹುಕಾರ ಯಾರು? ಆಂಧ್ರದವನಲ್ಲ. ನಮ್ಮ ಓಣಿಯವನು, ನಮ್ಮ ಜಾತಿಯವನು, ನಮ್ಮ ಮನೆ ಮದುವೆಗೆ ಅಕ್ಕಿಕಾಳು ಹಾಕಿದವನು.

ಕಾಕಾಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅದು ಖರೇನ ಐತಿ ತಮ್ಮಾ. ಆದ್ರ ಅವ್ರನ್ನ ಬೈದ್ರ ಓಣ್ಯಾಗ ಕುಂದರಾಕ ಆಗತೈತೇನು?" ಅಂದ.

ನೋಡಿ, ಇದೇ ನನ್ನ ಇಡೀ ಬರಹದ ಮಾತು. ನಮಗೆ ಬೈಯಲು ಒಬ್ಬ ಹೊರಗಿನವನು ಬೇಕಿತ್ತು. ಒಳಗಿನವನನ್ನು ಬೈದರೆ ಓಣಿಯಲ್ಲಿ ಕೂರಲು ಆಗುವುದಿಲ್ಲ. ಎಲ್ಲರ ಹೊಲವೂ ಹೀಗೇ ಹೋಯಿತು ಅಂತ ನಾನು ಹೇಳುವುದಿಲ್ಲ. ಮೋಸ ಹೋದವರೂ ಇದ್ದಾರು. ಆದರೆ ನಿಮ್ಮ ಮನೆಯ ಟ್ರಂಕು ತೆಗೆದು ಒಮ್ಮೆ ಓದಿ ನೋಡಿ, ಆಮೇಲೆ ಮಾತಾಡೋಣ.

ಹಾಗಂತ ಕ್ಯಾಂಪಿನವರು ಹೇಳುವ ಕಥೆ ಖರೆಯೇ? ಅದೂ ಅರ್ಧ ಸುಳ್ಳು.

"ನಾವು ಬರೋವರೆಗೂ ಇಲ್ಲಿ ಏನಿತ್ತು? ಬರೀ ಜಾಲಿಕಂಟಿ. ನಾವು ಬಂದು ಬಂಗಾರ ಮಾಡಿದ್ವಿ" ಅಂತ ನನ್ನ ಗೆಳೆಯನ ತಾತ ಎಷ್ಟು ಸಲ ಹೇಳಿದ್ದರೋ. ಅವರು ದುಡಿದದ್ದು ಸುಳ್ಳಲ್ಲ. ಹಾವು ಚೇಳಿನ ನಡುವೆ, ಲಾಟೀನು ಬೆಳಕಿನಲ್ಲಿ ಬದುಕಿ ಎರೆ ಹೊಲವನ್ನು ಗದ್ದೆ ಮಾಡಿದ್ದಾರೆ. ಆದರೆ ನೀರು ಯಾರದು? ಹತ್ತಾರು ಹಳ್ಳಿಗಳು ಮುಳುಗಿ, ಸಾವಿರಾರು ಜನ ಮನೆಮಠ ಕಳೆದುಕೊಂಡು ಆದ ಅಣೆಕಟ್ಟು ಅದು. ಇಲ್ಲಿ ಏನೂ ಇರಲಿಲ್ಲ ಅನ್ನಬೇಡಿ. ಇಲ್ಲಿ ಜೋಳವಿತ್ತು, ಜೋಳ ತಿಂದು ಬದುಕಿದ ಜನ ಇದ್ದರು.

ಇನ್ನೊಂದು ವಿಷಯ, ಇದನ್ನು ಇಬ್ಬರೂ ಮುಚ್ಚಿಡುತ್ತಾರೆ. ಎಡದಂಡೆ ಕಾಲುವೆ ಭತ್ತಕ್ಕಾಗಿ ಕಟ್ಟಿದ್ದೇ ಅಲ್ಲ. ಸುಮಾರು 6 ಲಕ್ಷ ಎಕರೆಗೆ ತೆಳುವಾಗಿ ನೀರು ಹಂಚಿ ಬರದಿಂದ ಕಾಯಬೇಕು ಅಂತ ಯೋಜನೆ. ಯಾವ ಹೊಲಕ್ಕೆ ಯಾವ ಬೆಳೆ ಅಂತ ಸರ್ಕಾರವೇ ಗೊತ್ತು ಮಾಡಿತ್ತು. ಬಹುಪಾಲು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ, ಭತ್ತಕ್ಕೆ ಸ್ವಲ್ಪವೇ ಜಾಗ. ಆಮೇಲೆ ಏನಾಯಿತು? ಮೇಲಿನ ಭಾಗದವರೆಲ್ಲ ಭತ್ತ ಹಚ್ಚಿದರು, ಅದೂ ವರ್ಷಕ್ಕೆ ಎರಡು ಸಲ. ಕೆಳಗಿನ ಮಾನ್ವಿ, ರಾಯಚೂರಿನ ಕೊನೆಭಾಗದ ರೈತ ಕಾಲುವೆಯಲ್ಲಿ ಮಣ್ಣು ನೋಡುತ್ತಾ ಕೂತ. ಪೀಟರ್ ಮೊಲಿಂಗ ಅನ್ನುವ ಡಚ್ ವಿದ್ವಾಂಸ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ದಪ್ಪ ಪುಸ್ತಕ ಬರೆದಿದ್ದಾರೆ, 2003ರಲ್ಲಿ ನಮ್ಮ ದೇಶದಲ್ಲೂ ಅಚ್ಚಾಯಿತು. ನಮ್ಮ ಕಾಲುವೆಯ ತೂಬು ಯಾರ ಮಾತು ಕೇಳುತ್ತದೆ ಅನ್ನುವುದನ್ನು ತಿಳಿಯಲು ಹಾಲೆಂಡಿನಿಂದ ಬಂದರು. ನಾವು ಮಾತ್ರ ತೆಲುಗು ಕನ್ನಡ ಅಂತ ಕಚ್ಚಾಡುತ್ತಾ ಕೂತಿದ್ದೇವೆ.

ಯಾಕೆಂದರೆ ಆ ಭತ್ತ ಕ್ಯಾಂಪಿನವರು ಮಾತ್ರ ಹಚ್ಚಲಿಲ್ಲ ಸ್ವಾಮಿ. ಅವರನ್ನು ನೋಡಿ ನಮ್ಮ ಗೌಡರೂ ಹಚ್ಚಿದರು. ತೂಬು ಎತ್ತಿಸುವಾಗ ಇಬ್ಬರೂ ಒಂದೇ ಜೀಪಿನಲ್ಲಿ ಹೋಗುತ್ತಾರೆ. ಅಲ್ಲಿ ಭಾಷೆ ಅಡ್ಡ ಬರುವುದಿಲ್ಲ. ಹೊಲ ಸವಳಾದಾಗಲೂ ಇಬ್ಬರ ಹೊಲವೂ ಸವಳಾಗುತ್ತದೆ, ಉಪ್ಪಿಗೆ ಕನ್ನಡವೂ ಬರುವುದಿಲ್ಲ, ತೆಲುಗೂ ಬರುವುದಿಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಈ ಸವಳು ನೆಲದ ಮೇಲೆಯೇ ದಶಕಗಳಿಂದ ಕೆಲಸ ಮಾಡುತ್ತಿದ್ದಾರೆ. "ಎರಿ ಹೊಲಕ್ಕ ಹಿಂಗ ನೀರ್ ನಿಲ್ಲಿಸಿದ್ರ ಹೊಲ ಸಾಯ್ತೈತಿ" ಅಂತ ಅಜ್ಜ ಹೇಳುತ್ತಿದ್ದನಂತೆ. ಎಲ್ಲರೂ ನಕ್ಕಿದ್ದರಂತೆ.

ಇನ್ನು ಮೂರನೆಯ ಕಥೆ, ನನಗೆ ಅತ್ಯಂತ ಸಿಟ್ಟು ಬರಿಸುವ ಕಥೆ. ಇದನ್ನು ಪತ್ರಿಕೆಯವರು ಬಂದಾಗ, ಮಂತ್ರಿಗಳು ಬಂದಾಗ ಎಲ್ಲರೂ ಸೇರಿ ಹೇಳುತ್ತೇವೆ. "ನಮ್ಮಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಎಲ್ಲಾರೂ ಅಣ್ಣತಮ್ಮರಂಗ ಅದೀವ್ರಿ. ಭೇದಭಾವ ಅನ್ನೋದ ಇಲ್ರಿ." ಕೇಳಲು ಎಷ್ಟು ಚಂದ!

ಮರಕುಂಬಿ ಅನ್ನುವ ಹೆಸರು ಕೇಳಿದ್ದೀರಾ? ಗಂಗಾವತಿ ತಾಲೂಕಿನ ಹಳ್ಳಿ. 2014ರ ಆಗಸ್ಟಿನಲ್ಲಿ ಅಲ್ಲಿ ದಲಿತರ ಕೇರಿಗೆ ನುಗ್ಗಿ ಹೊಡೆದು ಮನೆಗೆ ಬೆಂಕಿ ಹಚ್ಚಿದರು. ಹತ್ತು ವರ್ಷ ಕೇಸು ನಡೆಯಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ ಒಂದೇ ತೀರ್ಪಿನಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದೆ ಹೈಕೋರ್ಟಿನಲ್ಲಿ ಅವರಲ್ಲಿ ಹೆಚ್ಚಿನವರಿಗೆ ಜಾಮೀನು ಸಿಕ್ಕಿದೆ, ಕಾನೂನಿನ ದಾರಿ ಕಾನೂನು ನೋಡಿಕೊಳ್ಳುತ್ತದೆ. ನಾನು ಕೇಳುವುದು ಇಷ್ಟೇ: ಅಲ್ಲಿ ತೆಲುಗು ಕನ್ನಡದ ಜಗಳ ಇತ್ತೇ? ಇಲ್ಲ. ಕ್ಯಾಂಪಿನವರು ಬಂದು ಕೆಡಿಸಿದರೇ? ಇಲ್ಲ. ನಮ್ಮ ಊರಿನ ನಿಜವಾದ ಗೆರೆ ಊರಿಗೂ ಕೇರಿಗೂ ನಡುವೆ ಇದೆ, ಹೊಲ ಇದ್ದವನಿಗೂ ಇಲ್ಲದವನಿಗೂ ನಡುವೆ ಇದೆ. ಹೊರಗಿನವರಿಗೆ ಕಾಣುವುದು ಬೋರ್ಡಿನ ಅಕ್ಷರ. ನಮಗೆ ಕಾಣುವುದು ನೂರು ವರ್ಷದ ಗೆರೆ, ಆದರೆ ಕಂಡರೂ ಹೇಳುವುದಿಲ್ಲ. ಆತ ಗೊತ್ತಿಲ್ಲದೆ ತಪ್ಪು ಹೇಳುತ್ತಾನೆ, ನಾವು ಗೊತ್ತಿದ್ದೂ ತಪ್ಪು ಹೇಳುತ್ತೇವೆ. ಯಾರು ಹೆಚ್ಚು ತಪ್ಪಿತಸ್ಥರು, ನೀವೇ ಹೇಳಿ.

ನೆಲ್ಲು ಹಚ್ಚುವ ದಿನಗಳಲ್ಲಿ ಬಂದು ನೋಡಿ. ಮೊಣಕಾಲು ಕೆಸರಿನಲ್ಲಿ ಬಗ್ಗಿ ನಿಂತ ಹೆಂಗಸರು ಯಾರು? ಒಣ ಸೀಮೆಯ ಕುಷ್ಟಗಿ, ಯಲಬುರ್ಗಾ ಕಡೆಯಿಂದ ಟ್ರ್ಯಾಕ್ಟರು, ಟಂಟಂ ಹತ್ತಿ ಬಂದವರೂ ಅವರಲ್ಲಿ ಇರುತ್ತಾರೆ. ಒಂದೇ ಜಿಲ್ಲೆ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿ ಮಾಡಿದಾಗ ಕುಷ್ಟಗಿ, ಯಲಬುರ್ಗಾ ಎರಡೂ ಅದರಲ್ಲಿದ್ದವು. ಗಂಗಾವತಿಯವರಿಗೆ ಅವರು "ಕೂಲಿ ಮಂದಿ". ಕ್ಯಾಂಪಿನವರೂ ಹಾಗೇ ಅನ್ನುತ್ತಾರೆ, ಊರವರೂ ಹಾಗೇ ಅನ್ನುತ್ತಾರೆ. ಅವರಿಗೆ ಯಾರೂ "ಯಾವೂರವ್ವಾ?" ಅಂತ ಕೂಡ ಕೇಳುವುದಿಲ್ಲ.

ಅದೇ ಕುಷ್ಟಗಿ, ಯಲಬುರ್ಗಾದ ಜನ ಗುಳೆ ಹೋಗುತ್ತಾರಲ್ಲ, ಅವರ ಕಥೆ ಕೇಳಿ. ಮಂಗಳೂರಿಗೆ ಹೋದರೆ "ಘಟ್ಟದವರು". ಗೋವಾಕ್ಕೆ ಹೋದರೆ "ಘಾಟಿ". 2004ರ ಜೂನ್ ತಿಂಗಳು, ಮಳೆಗಾಲದಲ್ಲಿ, ವಾಸ್ಕೋದ ಬೈನಾದಲ್ಲಿ ಮನೆಗಳ ಮೇಲೆ ಬುಲ್ಡೋಜರ್ ಹರಿಸಿದರು. ಬೀದಿಗೆ ಬಿದ್ದವರಲ್ಲಿ ನಮ್ಮ ಕಡೆಯವರು ಎಷ್ಟೋ ಜನ. ಆಗ ನಮ್ಮಲ್ಲಿ ಎಂಥ ಸಿಟ್ಟು! "ಎಷ್ಟೋ ವರ್ಷದಿಂದ ಅಲ್ಲೇ ದುಡಿದವರನ್ನ ಹೊರಗಿನವರು ಅಂದ್ರ ಹೆಂಗ್ರಿ?" ಅಂತ ಹೋಟೆಲಿನ ಕಟ್ಟೆಯ ಮೇಲೆ ಕೂತು ಕೇಳಿದ್ದೇ ಕೇಳಿದ್ದು. ಸರಿಯಾದ ಪ್ರಶ್ನೆಯೇ. ಅದೇ ಕಟ್ಟೆಯ ಮೇಲೆ ಕೂತು, ಅದೇ ಬಾಯಿಂದ, ಮೂರು ತಲೆಮಾರಿನಿಂದ ಇಲ್ಲಿರುವವರನ್ನು "ಆಂಧ್ರದೋರು" ಅಂದರೆ ಹೇಗೆ? ಗೋವಾದವನ ಕೈಗೆ ಬಡಿಗೆ ಕೊಟ್ಟವರು ನಾವೇ ಆಗುವುದಿಲ್ಲವೇ?

ಅಂದ ಹಾಗೆ, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟು ಚೈನು ಕಡಿದು ಕೊಚ್ಚಿಕೊಂಡು ಹೋಯಿತಲ್ಲ. ನಮ್ಮ ಮನೆಯಲ್ಲಿ ಆ ರಾತ್ರಿ ಯಾರೂ ಮಲಗಲಿಲ್ಲ. ಕ್ಯಾಂಪಿನ ಗೆಳೆಯ ಫೋನು ಮಾಡಿ "ಎಲ್ಲಾ ಹೋತಲೋ" ಅಂದ, ಇಬ್ಬರೂ ಸುಮ್ಮನೆ ಫೋನು ಹಿಡಿದು ಕೂತಿದ್ದೆವು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಲು ಮುಂದೆ ನಿಂತವರು ಕನ್ನಯ್ಯ ನಾಯ್ಡು. ಇಡೀ ಸೀಮೆ ಅವರಿಗೆ ಕೈಮುಗಿಯಿತು. ಅವರ ಮನೆಮಾತು ಯಾವುದು ಅಂತ ಆ ವಾರ ನಮ್ಮಲ್ಲಿ ಯಾರೂ ಕೇಳಿದ್ದು ನನಗೆ ಗೊತ್ತಿಲ್ಲ. ನೀರು ಹೋಗುವಾಗ ಬಾರದ ಪ್ರಶ್ನೆ ನೀರು ಬಂದ ಮೇಲೆ ಯಾಕೆ ಬರುತ್ತದೆ?

ಕ್ಯಾಂಪಿನ ಗೆಳೆಯರಿಗೂ ಎರಡು ಮಾತು ಹೇಳದಿದ್ದರೆ ನಾನು ಪಕ್ಷಪಾತಿಯಾಗುತ್ತೇನೆ. ಕನ್ನಡ ಬರುತ್ತದೆ ನಿಮಗೆ, ನಮಗಿಂತ ಚೆನ್ನಾಗಿ ಬರೆಯುವವರೂ ನಿಮ್ಮಲ್ಲಿದ್ದಾರೆ. ಆದರೆ ಊರವರ ಜತೆ ಮಾತಾಡುವಾಗ "ನಿಮ್ಮ ಜನಕ್ಕೆ ಬೇಸಾಯ ಗೊತ್ತಿಲ್ಲ" ಅನ್ನುವ ಆ ಸಣ್ಣ ನಗೆ ಇದೆಯಲ್ಲ, ಅದನ್ನು ಬಿಡಿ. ನಿಮ್ಮ ಗದ್ದೆಯಲ್ಲಿ ದುಡಿದವರ ಹೆಸರು ಕಲಿಯಿರಿ. ಕೊನೆಭಾಗದ ರೈತನೂ ರೈತನೇ ಅಂತ ಒಮ್ಮೆಯಾದರೂ ಸಭೆಯಲ್ಲಿ ಎದ್ದು ನಿಂತು ಹೇಳಿ.

ನಮ್ಮವರಿಗೆ: ಅವರ ಊರನ್ನು ಊರು ಅನ್ನಿ. ಹೆಸರು ಹಿಡಿದು ಕರೆಯಿರಿ. ಪಂಚಾಯ್ತಿಗೆ ಓಟು ಹಾಕುವಾಗ, ಜಾತ್ರೆಗೆ ಪಟ್ಟಿ ಎತ್ತುವಾಗ ನಮ್ಮವರಾಗುವವರು ಜಗಳ ಬಂದ ದಿನ ಮಾತ್ರ ಹೊರಗಿನವರಾಗುವುದು ಬೇಡ.

ಬೆಂಗಳೂರಿನ ಗೆಳೆಯರಿಗೆ: ನಿಮ್ಮ ತಟ್ಟೆಯ ಸೋನಾ ಮಸೂರಿ ನಮ್ಮ ಕಡೆಯದೂ ಇರಬಹುದು. ಅದು ತೆಲುಗು ಅಕ್ಕಿಯೋ ಕನ್ನಡದ ಅಕ್ಕಿಯೋ ಅಂತ ರುಚಿ ನೋಡಿ ಹೇಳಿ. ಆಮೇಲೆ ಊರಿನ ಬಗ್ಗೆ ಹೇಳುವಿರಂತೆ.

ಆ ಗೆಳೆಯ ಹೋದ ವರ್ಷ ಸಂಬಂಧಿಕರ ಮದುವೆಗೆ ಗೋದಾವರಿ ಕಡೆಗೆ ಹೋಗಿದ್ದ. ಬಂದ ಮೇಲೆ ಹೇಳಿದ, "ಅಲ್ಲಿ ಹುಡುಗ್ರು ನನ್ನ ತೆಲುಗು ಕೇಳಿ ನಕ್ರಲೇ. ಇವ್ರು ಕನ್ನಡದೋರು ಅಂತ ಹಿಂದ ಮಾತಾಡ್ಕೊಂಡ್ರು." ಆಮೇಲೆ ಸ್ವಲ್ಪ ತಡೆದು, "ನೀನು ಆವಾಗ ನಿಮ್ಮೂರಿಗೆ ಹೋಗಲೇ ಅಂದಿದ್ದೆಲ್ಲಾ, ಹೋಗಿ ಬಂದೆ ನೋಡು. ಅದು ನಮ್ಮೂರಲ್ಲ" ಅಂದ.

ಅವನಿಗೆ ಅದು ಇನ್ನೂ ನೆನಪಿದೆ. ಮೂವತ್ತು ವರ್ಷದ ಮೇಲೂ ನೆನಪಿದೆ. ನಾನು ಕ್ಷಮೆ ಕೇಳಿದೆ, ಅವನು ನಕ್ಕು ಚಹಾ ತರಿಸಿದ. ನಾವು ಕೂತಿದ್ದು ಆ ಒಂಬತ್ತು ಎಕರೆಯ ಎದುರಿನ ಕಾಲುವೆ ಕಟ್ಟೆಯ ಮೇಲೆ. ಈಗ ಅದು ಯಾರ ಹೊಲ ಅಂತ ಕೇಳಿದೆ. ಕೊಂಡವರ ಮೊಮ್ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿದ್ದಾನಂತೆ, ಹೊಲ ಲಾವಣಿಗೆ ಕೊಟ್ಟಿದ್ದಾರಂತೆ. ಮಾಡುತ್ತಿರುವವನು ಯಲಬುರ್ಗಾ ಕಡೆಯಿಂದ ಬಂದವನಂತೆ.

ಅವನನ್ನೂ ನಾಳೆ ಯಾರೋ ಕೇಳುತ್ತಾರೆ, "ಯಾವೂರಪಾ ನಿಂದು?" ಅಂತ. ಅವನು ಏನು ಹೇಳಬೇಕು? ಗೊತ್ತಿದ್ದವರು ತಿಳಿಸಿ. ಬೈಯುವವರೂ ಬೈಯಬಹುದು, ಬೇಜಾರಿಲ್ಲ. ಆದರೆ ಮೊದಲು ಮನೆಯ ಟ್ರಂಕು ತೆಗೆದು ನೋಡಿ ಬನ್ನಿ.